40 ಸಾವಿರದಲ್ಲಿ ಜೀಪಿಗೆ ಯಾವ ವಿಂಚ್?

ಪ್ರಶ್ನೆ: ನಮ್ಮ ತೋಟ ಸಿದ್ದಾಪುರ ತಾಲ್ಲೂಕಿನಲ್ಲಿದೆ. ಮನೆಯಿಂದ ತೋಟಕ್ಕೆ ಇಳಿಯುವುದು ಮಣ್ಣು ರಸ್ತೆ. ಮಳೆಗಾಲದಲ್ಲಿ ಅಡಿಕೆಯ ಕೊಳೆ ರೋಗದ ಔಷಧಿಯ ಡ್ರಮ್ಮು, ಪಂಪು ಎಲ್ಲ ಹಳೆಯ ಮಹೀಂದ್ರ ಜೀಪಿನಲ್ಲೇ ಹೋಗಬೇಕು. ಹೋದ ವರ್ಷ ಹಳ್ಳದ ಹತ್ತಿರ ಮೂರು ಸಲ ಹೂತುಕೊಂಡಿತು. ಎರಡು ಸಲ ಟ್ರ್ಯಾಕ್ಟರ್ ತರಿಸಬೇಕಾಯಿತು. ಲೋಡ್ ಸೇರಿ ಜೀಪಿನ ತೂಕ ಸುಮಾರು 2 ಟನ್. ಹೂತ ಗಾಡಿಯನ್ನು ಮೋಟರಿನಿಂದ ಹಗ್ಗ ಸುತ್ತಿ ಎಳೆಯುವ ವಿಂಚಿಗೆ ಅಂತ 40 ಸಾವಿರ ಇಟ್ಟಿದ್ದೇನೆ. ಒಬ್ಬರು 12,000 ಪೌಂಡಿನದೇ ತಗೊಳ್ಳಿ ಅಂತಾರೆ, ಇನ್ನೊಬ್ಬರು 9,500 ಸಾಕು ಅಂತಾರೆ. ಯಾವುದು ತರಲಿ?

ಉತ್ತರ: 9,500 ಸಾಕು. ಆದರೆ 40 ಸಾವಿರವನ್ನೂ ವಿಂಚಿಗೇ ಸುರಿಯಬೇಡಿ. 12 ಸಾವಿರ ತೆಗೆದು ಪಕ್ಕಕ್ಕಿಡಿ. ಅದು ಕಪ್ಪಿಗೆ, ಮರಕ್ಕೆ ಸುತ್ತುವ ಅಗಲ ಪಟ್ಟಿಗೆ, ಎರಡು ಶ್ಯಾಕಲ್‌ಗೆ (ಬೋಲ್ಟ್ ಹಾಕುವ U ಆಕಾರದ ಕೊಂಡಿ), ಬ್ಯಾಟರಿ ಕಟ್-ಆಫ್ ಸ್ವಿಚ್ಚಿಗೆ, ಚರ್ಮದ ಗ್ಲೌಸಿಗೆ. ಉಳಿದ ದುಡ್ಡಿನಲ್ಲಿ ಒಳ್ಳೆಯ 9,500 ಸಿಗದಿದ್ದರೆ 8,000 ಪೌಂಡಿನದು ತನ್ನಿ, ಕಪ್ಪಿ ಮಾತ್ರ ಬಿಡಬೇಡಿ. ಶಿರಸಿಯಲ್ಲಿ ಗ್ಯಾರೇಜು ಇಟ್ಟು 26 ವರ್ಷ ಆಯಿತು. ಜೀಪಿನ ಮುಂದೆ ದೊಡ್ಡ ವಿಂಚ್ ಇದ್ದೂ ತೋಟದಲ್ಲಿ ರಾತ್ರಿ ಕಳೆದವರನ್ನು ನೋಡಿದ್ದೇನೆ. ಹೆಚ್ಚಿನವರ ಹತ್ತಿರ ಕಪ್ಪಿ ಇರಲಿಲ್ಲ.

ಲೆಕ್ಕ ಹೀಗಿದೆ. ಲೋಡ್ ಸೇರಿದ ತೂಕದ ಒಂದೂವರೆ ಪಟ್ಟು ಎಳೆಯುವ ವಿಂಚ್ ಬೇಕು ಅನ್ನುವುದು ಎಲ್ಲೆಡೆ ನಡೆಯುವ ಅಂದಾಜು. ನಿಮ್ಮದು 2 ಟನ್, ಅಂದರೆ 3 ಟನ್ ಎಳೆಯಬೇಕು. ಅದು ಸುಮಾರು 6,600 ಪೌಂಡ್. 9,500 ಪೌಂಡ್ ಅಂದರೆ 4,300 ಕೆಜಿ. ಕಾಗದದ ಮೇಲೆ ಧಾರಾಳವಾಗಿ ಸಾಕು.

ನಮ್ಮ ಅರಲು ಕಾಗದದ ಮಾತು ಕೇಳುವುದಿಲ್ಲ. ಹೂತ ಗಾಡಿ ತೆಗೆಯುವುದಕ್ಕೆ ಅಮೆರಿಕದ ಸೈನ್ಯದವರು ಒಂದು ಸರಳ ಅಳತೆ ಇಟ್ಟುಕೊಂಡಿದ್ದಾರೆ. ಗಾಲಿ ಮುಳುಗುವಷ್ಟು ಹೂತಿದ್ದರೆ ಗಾಡಿಯ ತೂಕದಷ್ಟೇ ಬಲ ಬೇಕು. ಮಡ್‌ಗಾರ್ಡ್ ತನಕ ಹೂತಿದ್ದರೆ ತೂಕದ ಎರಡು ಪಟ್ಟು. ಏರು ಇದ್ದರೆ ಪ್ರತಿ ಡಿಗ್ರಿಗೆ ತೂಕದ ಅರವತ್ತರಲ್ಲಿ ಒಂದು ಪಾಲು ಸೇರಿಸಬೇಕು. ನಿಮ್ಮ ಜೀಪು ಹಳ್ಳದ ಪಕ್ಕ 15 ಡಿಗ್ರಿ ಏರಿನಲ್ಲಿ ಮಡ್‌ಗಾರ್ಡ್ ತನಕ ಕೂತಿದೆ ಅಂತ ಇಟ್ಟುಕೊಳ್ಳಿ. 4 ಟನ್, ಮೇಲೆ ಅರ್ಧ ಟನ್. 9,500ರ ಪೂರ್ತಿ ಶಕ್ತಿಯೂ ಸಾಲಲಿಲ್ಲ, ಅಲ್ವಾ?

ಅದಕ್ಕೇ ವಿಂಚಿನ ಮೊದಲು ಗುದ್ದಲಿ ಕೈಗೆತ್ತಿಕೊಳ್ಳಿ. ಗಾಲಿಯ ಮುಂದಿನ ಕೆಸರು ತೆಗೆದು, ಹೊಟ್ಟೆ ನೆಲಕ್ಕೆ ತಾಗುವುದನ್ನು ಬಿಡಿಸಿ. ಮಡ್‌ಗಾರ್ಡ್ ಮಟ್ಟದಿಂದ ಗಾಲಿ ಮಟ್ಟಕ್ಕೆ ಬಂದರೆ ಎಳೆಯುವ ಭಾರ ಅರ್ಧಕ್ಕಿಳಿಯಿತು. ಡ್ರಮ್ಮನ್ನೂ ಇಳಿಸಿ. 200 ಲೀಟರಿನ ತುಂಬಿದ ಡ್ರಮ್ಮೇ 2 ಕ್ವಿಂಟಲ್. ಸಾಧ್ಯವಾದರೆ ಮೈಲುತುತ್ತ, ಸುಣ್ಣವನ್ನು ಒಣದಾಗಿಯೇ ಒಯ್ದು ತೋಟದ ಹಳ್ಳದ ನೀರಲ್ಲೇ ಬೋರ್ಡೋ ದ್ರಾವಣ ಕಲಸಿ. 100 ಲೀಟರಿಗೆ ಒಂದೊಂದು ಕೆಜಿ ತಾನೆ, ಹೊರುವುದು ಕಷ್ಟವಲ್ಲ. ಹಿಂದಿನ ಗಾಲಿಗೆ ಸರಪಳಿ ಸುತ್ತಿದರೆ ಮೂರರಲ್ಲಿ ಎರಡು ಸಲ ನಿಮಗೆ ವಿಂಚೇ ಬೇಕಾಗಲಿಕ್ಕಿಲ್ಲ.

ಈಗ ಡಬ್ಬಿಯ ಮೇಲಿನ ನಂಬರಿನ ವಿಷಯ. ಇದನ್ನು ಅಂಗಡಿಯವರು ಸುಮ್ನೆ ಬಿಟ್ಟುಬಿಡುತ್ತಾರೆ. 9,500 ಪೌಂಡ್ ಅಂತ ಬರೆದದ್ದು ವಿಂಚಿನ ಡ್ರಮ್ಮಿನ, ಅಂದರೆ ಹಗ್ಗ ಸುತ್ತುವ ಉರುಳೆಯ ಮೇಲೆ ಹಗ್ಗದ ಒಂದೇ ಪದರ ಉಳಿದಾಗ ಮಾತ್ರ ನಿಜ. ಹಗ್ಗ ಸುತ್ತುತ್ತಾ ಬಂದ ಹಾಗೆ ಡ್ರಮ್ಮು ದಪ್ಪ ಆಗುತ್ತದೆ, ಎಳೆತ ಇಳಿಯುತ್ತದೆ. ನಾಲ್ಕನೇ ಪದರಕ್ಕೆ ಬರುವಾಗ ಸುಮಾರು 40 ಶೇಕಡಾ ಹೋಗಿರುತ್ತದೆ. ಉಳಿಯುವುದು ಎರಡೂವರೆ ಟನ್ನಿನ ಆಸುಪಾಸು. ನಮ್ಮ ತೋಟದ ದಾರಿ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಒಂದು ಕಡೆ ಧರೆ, ಇನ್ನೊಂದು ಕಡೆ ಅಗಳ, ತಿರುವು ಬೇರೆ. ಕಟ್ಟಲು ಮರ ಸಿಗುವುದು ಎಂಟು ಹತ್ತು ಮೀಟರಿನಲ್ಲಿ. ಹಗ್ಗದ ಮುಕ್ಕಾಲು ಪಾಲು ಡ್ರಮ್ಮಿನಲ್ಲೇ ಕೂತಿರುತ್ತದೆ. ವಿಂಚ್ ತೀರ ಬಲ ಕಡಿಮೆ ಇರುವ ಜಾಗದಲ್ಲೇ ಅದಕ್ಕೆ ಜಾಸ್ತಿ ಕೆಲಸ ಬೀಳುತ್ತದೆ.

ಕಪ್ಪಿ ಇಲ್ಲಿ ಕೈ ಹಿಡಿಯುತ್ತದೆ. ಅಂಗಡಿಯಲ್ಲಿ ಸ್ನ್ಯಾಚ್ ಬ್ಲಾಕ್ ಅಂತ ಕೇಳಿ. ಬಾವಿಯ ಗಡಗಡೆಯ ಜಾತಿಯೇ, ಆದರೆ ಪಕ್ಕದಿಂದ ತೆರೆದು ಹಗ್ಗ ಹಾಕುವಂಥದ್ದು. ಅದನ್ನು ಮರಕ್ಕೆ ಕಟ್ಟಿ, ಹಗ್ಗವನ್ನು ಅದರ ಸುತ್ತ ತಿರುಗಿಸಿ ತಂದು ಜೀಪಿನ ಚಾಸಿಗೆ ಸಿಕ್ಕಿಸಿದರೆ ಎಳೆತ ಹೆಚ್ಚುಕಡಿಮೆ ಎರಡು ಪಟ್ಟು. ವೇಗ ಅರ್ಧ. ಹಗ್ಗವೂ ಎರಡರಷ್ಟು ಹೊರಗೆ ಬರುವುದರಿಂದ ಡ್ರಮ್ಮಿನಲ್ಲಿ ಪದರ ಕಡಿಮೆಯಾಗಿ ಮೋಟರಿಗೂ ಅನುಕೂಲ. ಆ ನಾಲ್ಕೂವರೆ ಟನ್ನಿನ ಕೆಲಸ ತಿಕ್ಕಾಟ ಸೇರಿಸಿದರೂ ಎರಡೂವರೆ ಟನ್ನಿನಲ್ಲಿ ಮುಗಿಯುತ್ತದೆ. 12,000 ಪೌಂಡಿನ ವಿಂಚಿನ ಆಸೆ ಬಿಡಿ ಅಂತ ನಾನು ಹೇಳುವುದು ಇದಕ್ಕೆ. ಅದರ ಭಾರ ಹೆಚ್ಚು, ಬ್ಯಾಟರಿ ತಿನ್ನುವುದೂ ಹೆಚ್ಚು. ಉಕ್ಕಿನ ಹಗ್ಗದ 9,500ರ ವಿಂಚೇ ಸುಮಾರು 40 ಕೆಜಿ ಇರುತ್ತದೆ. ಹಳೆಯ ಜೀಪಿನ ಮುಂದಿನ ಪಟ್ಟಿಗೆ ಅಷ್ಟೇ ಸಾಕಷ್ಟು ಹೊರೆ.

ಮೋಟರು ಎರಡು ತರದ್ದು ಬರುತ್ತದೆ. ಪರ್ಮನೆಂಟ್ ಮ್ಯಾಗ್ನೆಟ್ ಮೋಟರು ಅಗ್ಗ, ಕರೆಂಟು ಕಡಿಮೆ ಎಳೆಯುತ್ತದೆ, ಆದರೆ ಬೇಗ ಬಿಸಿಯಾಗಿ ಸುಸ್ತಾಗುತ್ತದೆ. ಸೀರೀಸ್ ವೂಂಡ್ ಮೋಟರು ಭಾರದ ಎಳೆತಕ್ಕೆ ಗಟ್ಟಿ. ನಿಮ್ಮ ಕೆಸರಿಗೆ ಎರಡನೆಯದೇ ಸರಿ. ಡಬ್ಬಿಯ ಮೇಲೆ ಬರೆದಿಲ್ಲವಾದರೆ ಕೇಳಿ, ಹೇಳಲು ತಡವರಿಸಿದರೆ ಆ ಮಾಲು ಬಿಡಿ. ರಿಮೋಟು, ಮೋಟರಿಗೆ ಕರೆಂಟು ಹಾಯಿಸುವ ಕಾಂಟ್ಯಾಕ್ಟರು, ಮೋಟರಿನ ಬ್ರಶ್ಶು ಬಿಡಿಯಾಗಿ ಸಿಗುತ್ತದೆಯೇ ಅಂತಲೂ ಕೇಳಿ. ಹುಬ್ಬಳ್ಳಿಗೆ ಹೋಗಿಯೂ ಸಿಗದ ಪಾರ್ಟಿನ ವಿಂಚ್ ನಮಗೆ ಬೇಡ.

ಪೂರ್ತಿ ಭಾರದಲ್ಲಿ ಇಂಥ 12 ವೋಲ್ಟ್ ವಿಂಚ್ 400 ಆಂಪಿಯರ್ ತನಕ ಎಳೆಯುತ್ತದೆ. ಹಳೆಯ ಜೀಪಿನ ಆಲ್ಟರ್ನೇಟರು ಅದರ ಕಾಲು ಭಾಗವನ್ನೂ ಕೊಡಲಾರದು. ಉಳಿದದ್ದೆಲ್ಲ ಬ್ಯಾಟರಿಯಿಂದ. ಹಾಗಾಗಿ ಇಂಜಿನ್ ಚಾಲೂ ಇಟ್ಟು, ರೇಸ್ ಸ್ವಲ್ಪ ಏರಿಸಿ, ಒಂದು ನಿಮಿಷ ಎಳೆದು ನಿಲ್ಲಿಸಿ. ಮೋಟರು ಮುಟ್ಟಿ ನೋಡಿ. ಕೈ ಇಡಲು ಆಗದಿದ್ದರೆ ಕವಳ ಹಾಕುವಷ್ಟು ಹೊತ್ತು ಕಾಯಿರಿ. ವಿಂಚಿನ ಕೇಬಲ್ಲು 35 ಚದರ ಮಿಲಿಮೀಟರಿಗಿಂತ ಸಣ್ಣದು ಬೇಡ.

ಕಟ್-ಆಫ್ ಸ್ವಿಚ್ಚಿನ ಬಗ್ಗೆ ನಾನು ಇಷ್ಟು ಹಟ ಮಾಡುವುದಕ್ಕೆ ಕಾರಣ ಇದೆ. ನನ್ನ ಮೊದಲ ವಿಂಚನ್ನು ಡಬ್ಬಿಯಿಂದ ತೆಗೆದು ನೇರ ಜೀಪಿಗೆ ಕೂರಿಸಿದ್ದೆ. ಹಗ್ಗವನ್ನು ಬಿಚ್ಚಿ ಭಾರ ಹಾಕಿ ಮತ್ತೆ ಬಿಗಿಯಾಗಿ ಸುತ್ತಬೇಕು ಅನ್ನುವುದು ಗೊತ್ತಿರಲಿಲ್ಲ. ಜುಲೈ ತಿಂಗಳು, ದೇವಿಮನೆ ಘಟ್ಟದ ಬದಿಯ ಒಂದು ತೋಟ, ಸಂಜೆ ಆರರ ಮಳೆ. ಎಳೆಯಲು ಶುರು ಮಾಡಿದ್ದೇ ತಡ, ಮೇಲಿನ ಸುತ್ತು ಸಡಿಲ ಇದ್ದ ಕೆಳಗಿನ ಸುತ್ತುಗಳ ಸಂದಿಗೆ ಇಳಿದು ಸಿಕ್ಕಿಬಿತ್ತು. ಮೋಟರು ಒದ್ದಾಡಿತು. ಒಳಗೆ ಕಾಂಟ್ಯಾಕ್ಟರು ಬಿಸಿಗೆ ಅಂಟಿಕೊಂಡಿತು. ರಿಮೋಟಿನಿಂದ ಕೈ ತೆಗೆದರೂ ವಿಂಚ್ ಎಳೆಯುತ್ತಲೇ ಇತ್ತು. ಸ್ಪ್ಯಾನರ್ ಹುಡುಕಿ ಬ್ಯಾಟರಿಯ ಟರ್ಮಿನಲ್ ಬಿಚ್ಚುವಷ್ಟರಲ್ಲಿ ಹಗ್ಗ ಬಿಗಿದು ಸದ್ದು ಮಾಡುತ್ತಿತ್ತು. ನನ್ನ ಜೊತೆ ಬಂದ ಹುಡುಗ ಹಗ್ಗದಿಂದ ಎರಡು ಮಾರು ದೂರ ಮಾತ್ರ ನಿಂತಿದ್ದ. ಆ ಎರಡು ಮಾರು ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಹೊಸ ವಿಂಚ್ ಬಂದ ದಿನವೇ ಪೂರ್ತಿ ಹಗ್ಗ ಬಿಚ್ಚಿ, ಸಣ್ಣ ಏರಿನಲ್ಲಿ ಜೀಪನ್ನೇ ನಿಧಾನ ಎಳೆಸಿಕೊಂಡು ಸುತ್ತಿ. ಸ್ವಿಚ್ಚನ್ನು ಕೈಗೆ ತಕ್ಷಣ ಸಿಗುವ ಕಡೆ ಕೂರಿಸಿ.

ಹಗ್ಗ ಬಿಗಿಯಿರುವಾಗ ಯಾರೂ ಅದರ ಹತ್ತಿರ ಇರಬಾರದು, ದಾಟಲೂಬಾರದು. ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದೆಸಿ, ತುಂಡಾದ ಹಗ್ಗ ಹಾರಿ ಬರುವ ಬದಲು ಅದರ ಭಾರಕ್ಕೆ ಕೆಳಗೆ ಬೀಳುತ್ತದೆ. ಡ್ರಮ್ಮಿನಲ್ಲಿ ಉಕ್ಕಿನ ಹಗ್ಗವಾದರೆ ಕನಿಷ್ಠ 5 ಸುತ್ತು, ಸಿಂಥೆಟಿಕ್ ಆದರೆ 8 ಸುತ್ತು ಯಾವಾಗಲೂ ಉಳಿಸಿ. ಕೊಕ್ಕೆಯನ್ನು ಮರಕ್ಕೆ ಸುತ್ತಿ ತಂದು ಅದೇ ಹಗ್ಗಕ್ಕೆ ಸಿಕ್ಕಿಸಬೇಡಿ. ಹಗ್ಗ ಅಲ್ಲೇ ಮುರಿಯುತ್ತದೆ, ಮರದ ತೊಗಟೆಯೂ ಹೋಗುತ್ತದೆ.

ಅಡಿಕೆ ಮರಕ್ಕೆ ಎಂದೂ ಕಟ್ಟಬೇಡಿ. ಅದರ ಬೇರು ಮೇಲ್ಮಣ್ಣಿನ ಜುಂಗು ಬೇರು. ಕಪ್ಪಿ ಹಾಕಿದಾಗ ಕಟ್ಟಿದ ಮರದ ಮೇಲೆ ಬೀಳುವುದು ಹಗ್ಗದ ಎಳೆತದ ಎರಡರಷ್ಟು ಅನ್ನುವುದು ನೆನಪಿರಲಿ. ಮತ್ತಿಯೋ ಹಲಸೋ, ತಬ್ಬಿದರೆ ಕೈ ಸಾಲದಂಥ ಮರ ನೋಡಿ, ಬುಡದಲ್ಲೇ ಪಟ್ಟಿ ಸುತ್ತಿ. ಮರ ಇಲ್ಲದ ಕಡೆ ಸ್ಟೆಪ್ನಿಯನ್ನು ಆಳ ಹೂತು ಅದಕ್ಕೆ ಕಟ್ಟುವುದುಂಟು. ಮಳೆಯಲ್ಲಿ ನೆನೆದ ಕೆಂಪುಮಣ್ಣಿನಲ್ಲಿ ಅದು ಮೇಲೆದ್ದು ಬಂದದ್ದನ್ನು ನೋಡಿದ್ದೇನೆ, ಹಾಗಾಗಿ ನಿಮಗೆ ಅದನ್ನು ಹೇಳುವ ಧೈರ್ಯ ನನಗಿಲ್ಲ.

ಕೂರಿಸುವಾಗ ಪ್ಲೇಟು ಚಾಸಿಗೇ ಬೋಲ್ಟ್ ಆಗಬೇಕು, ಬಂಪರಿಗಲ್ಲ. ಮುಂದೆ ದೊಡ್ಡ ಕಬ್ಬಿಣದ ಗಾರ್ಡ್ ಹಾಕಿಸಿ ಅದರಲ್ಲಿ ವಿಂಚ್ ಇಡಿಸುವ ಯೋಚನೆ ಇದ್ದರೆ ಬೇಡ. ಅಂಥ ಕ್ರ್ಯಾಶ್ ಗಾರ್ಡ್‌ಗಳ ಮೇಲೆ ಕ್ರಮ ತೆಗೆದುಕೊಳ್ಳಿ ಅಂತ ಕೇಂದ್ರ ಸಾರಿಗೆ ಇಲಾಖೆ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯ ಮೂಲ ರೂಪ ಬದಲಿಸುವಂತಿಲ್ಲ. ಆರ್‌ಟಿಒ ಕಚೇರಿಯಲ್ಲಿ ಮೊದಲು ವಿಚಾರಿಸಿ. ಪ್ಲೇಟಿನ ಸಮೇತ ಬಿಚ್ಚಿ ಎತ್ತಿಡುವ ಹಾಗೆ ಕೂರಿಸಿದರೆ ಬೇಸಿಗೆಯಲ್ಲಿ ಮನೆಯೊಳಗೆ ಇಡಬಹುದು, ವಿಂಚೂ ಬಾಳುತ್ತದೆ.

ಪ್ರಶ್ನೆ: ಕಾರವಾರದ ಮಾಜಾಳಿ ಹತ್ತಿರದವನು. ಪಿಕಪ್ ಇದೆ, ಮರಳಲ್ಲಿ ಆಗಾಗ ಸಿಕ್ಕಿಬೀಳುತ್ತದೆ. ವಿಂಚಿಗೆ ಉಕ್ಕಿನ ಹಗ್ಗ ಒಳ್ಳೆಯದೋ ಸಿಂಥೆಟಿಕ್ ಒಳ್ಳೆಯದೋ?

ಉತ್ತರ: ನಿಮಗೆ ಸಿಂಥೆಟಿಕ್. ಉಪ್ಪಿನ ಗಾಳಿಗೆ ಉಕ್ಕಿನ ಹಗ್ಗ ಒಳಗಿಂದಲೇ ತುಕ್ಕು ಹಿಡಿಯುತ್ತದೆ, ಮೇಲಿಂದ ನೋಡಿದರೆ ಗೊತ್ತಾಗುವುದೇ ಇಲ್ಲ. ಸಿಂಥೆಟಿಕ್ ಹಗುರ, ತುಂಡಾದರೂ ಉಕ್ಕಿನಷ್ಟು ಅಪಾಯ ಇಲ್ಲ. ಆದರೆ ಅದಕ್ಕೆ ಬಿಸಿಲು ಆಗದು, ಮರಳು ಆಗದು, ಶಾಖವಂತೂ ಆಗದು. 150 ಡಿಗ್ರಿಯ ಆಸುಪಾಸು ಕರಗುತ್ತದೆ. ಹೆಚ್ಚಿನ ಅಗ್ಗದ ವಿಂಚುಗಳಲ್ಲಿ ಬ್ರೇಕು ಡ್ರಮ್ಮಿನ ಒಳಗೇ ಇರುತ್ತದೆ. ಭಾರ ಹಾಕಿ ಹಗ್ಗ ಬಿಡುತ್ತಾ ಹೋದರೆ ಡ್ರಮ್ಮು ಸುಡುತ್ತದೆ, ಹಗ್ಗದ ಒಳಸುತ್ತು ಹಾಳಾಗುತ್ತದೆ. ಪ್ರತಿ ಸಲ ಸಿಹಿನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಮುಚ್ಚಿಡಿ. ಹಗ್ಗ ಹೊರಬರುವ ಬಾಯಿಗೆ ನಯವಾದ ಅಲ್ಯೂಮಿನಿಯಂ ಚೌಕಟ್ಟು ಹಾಕಿ, ಅಂಗಡಿಯಲ್ಲಿ ಹಾಸ್ ಫೇರ್‌ಲೀಡ್ ಅಂತ ಕೇಳಿ. ಉಕ್ಕಿನ ಹಗ್ಗ ಓಡಿ ಗೀರು ಬಿದ್ದ ರೋಲರಿನಲ್ಲಿ ಸಿಂಥೆಟಿಕ್ ಓಡಿಸಬೇಡಿ. ಘಟ್ಟದ ಮೇಲಿನ ಜಂಬಿಟ್ಟಿಗೆ ನೆಲದಲ್ಲಿ ಹಗ್ಗ ಉಜ್ಜುವುದು ಜಾಸ್ತಿ. ಅಲ್ಲಿಯವರಿಗೆ ನಾನು ಉಕ್ಕಿನದನ್ನೇ ಹೇಳುತ್ತೇನೆ.

ತಿಂಗಳಿಗೊಮ್ಮೆ ಮೋಟರನ್ನು ಎರಡು ನಿಮಿಷ ಸುಮ್ನೆ ಓಡಿಸಿ. ಒಳಗೆ ಸೇರಿದ ತೇವ ಆರುತ್ತದೆ. ಕರಾವಳಿಯಿಂದ ನನ್ನ ಹತ್ತಿರ ಬರುವ ವಿಂಚುಗಳು ಕೆಲಸ ಮಾಡಿ ಕೆಟ್ಟವಲ್ಲ, ವರ್ಷಗಟ್ಟಲೆ ಕೂತು ಕೆಟ್ಟವು.

ಮರಳಲ್ಲಿ ಮಾತ್ರ ಮೊದಲು ಟೈರಿನ ಗಾಳಿ ಇಳಿಸಿ ನೋಡಿ. ಖಾಲಿ ಗಾಡಿಗೆ 18 ಪಿಎಸ್‌ಐ ತನಕ ಇಳಿಸಿದರೆ ಹೆಚ್ಚಿನ ಸಲ ತಾನೇ ಮೇಲೆ ಬರುತ್ತದೆ. ಡಾಂಬರಿಗೆ ಬಂದ ಕೂಡಲೇ ಗಾಳಿ ತುಂಬಿಸಿ.

ಪ್ರಶ್ನೆ: ಯಲ್ಲಾಪುರದ ಕಡೆ ನಮ್ಮ ತೋಟ ಆಳದಲ್ಲಿದೆ. ಜೀಪಿನ ವಿಂಚಿನಿಂದಲೇ ಅಡಿಕೆ ಚೀಲವನ್ನು ತಂತಿಯ ಮೇಲೆ ಮೇಲಕ್ಕೆ ಎಳೆಯಬಹುದೇ? ಆಳನ್ನು ಇಳಿಸಿ ಹತ್ತಿಸಬಹುದೇ?

ಉತ್ತರ: ಆಳನ್ನು ಖಂಡಿತ ಬೇಡ. ಈ ವಿಂಚು ನೆಲದ ಮೇಲೆ ಎಳೆಯುವುದಕ್ಕೆ ಮಾಡಿದ್ದು, ಎತ್ತುವುದಕ್ಕಲ್ಲ. ಅದರ ಬ್ರೇಕು ಮನುಷ್ಯನ ಜೀವ ಹಿಡಿದಿಡಲು ಮಾಡಿದ್ದಲ್ಲ. ಚೀಲಕ್ಕೂ ನಾನು ಹೇಳುವುದಿಲ್ಲ, ಯಾಕೆಂದರೆ ದಿನವಿಡೀ ಓಡುವ ಕೆಲಸಕ್ಕೆ ಒಂದು ನಿಮಿಷ ಓಡಿ ಐದು ನಿಮಿಷ ಕೂರುವ ಮೋಟರು ಆಗದು. ತೂಗಾಡುವ ಭಾರಕ್ಕೆ ಅಂತಲೇ ಮಾಡಿದ ಕೈ ಹೋಯ್ಸ್ಟ್, ಚೈನ್ ಬ್ಲಾಕ್ ಇವೆ. ತಂತಿ ದಾರಿಯ ಅಳತೆ, ಇಳಿಜಾರು, ಒಂದು ಸಲಕ್ಕೆ ಎಷ್ಟು ಕೆಜಿ ಅನ್ನುವುದನ್ನು ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅದನ್ನೇ ವಿವರವಾಗಿ ನೋಡೋಣ.