ಅಮ್ಮನ ಶುಗರ್ ತಪಾಸಣೆಗೆ ಹೋಗುವ ಮುಂಚೆ

ಅಮ್ಮನಿಗೆ ಆರು ವರ್ಷದಿಂದ ಶುಗರ್, ಬಿಪಿ ಎರಡೂ ಇದೆ, ಸೋಮವಾರ ಹೊಸ ಡಾಕ್ಟರ ಹತ್ತಿರ ಹೋಗಬೇಕು, ಏನೇನು ತಯಾರಿ ಬೇಕು ಅಂತ ಕೇಳಿದ್ದೀರಿ.

ಮೊದಲು ಮಾತ್ರೆ. ಹೆಸರು ಬರೆದುಕೊಂಡರೆ ಸಾಲದು, ಶೀಟುಗಳನ್ನೇ ಒಂದು ಕವರಿಗೆ ಹಾಕಿಕೊಳ್ಳಿ. ನಮ್ಮಮ್ಮ "ಬೆಳಿಗ್ಗೆ ಎರಡು ಬಿಳಿ ಮಾತ್ರೆ" ಅನ್ನುತ್ತಿದ್ದರು. ಕವರು ಸುರಿದು ನೋಡಿದರೆ ಬೇರೆ ಬೇರೆ ಕಂಪನಿಯ ಎರಡು ಶೀಟು, ಎರಡರ ಹಿಂದೆಯೂ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ 500 ಅಂತಲೇ ಇತ್ತು! ಒಂದೇ ಔಷಧಿ ಎರಡು ಸಲ ಹೋಗುತ್ತಿತ್ತು. ಮಂಡಿನೋವಿನ ಮಾತ್ರೆ, ಚೂರ್ಣ, ಕಷಾಯ ಇದ್ದರೆ ಅದನ್ನೂ ಹಾಕಿ. ಅಮ್ಮಂದಿರು ಅದನ್ನೆಲ್ಲ ಔಷಧಿ ಅಂತ ಲೆಕ್ಕಕ್ಕೇ ಇಡುವುದಿಲ್ಲ, ಅಲ್ವಾ?

ಫಾಸ್ಟಿಂಗ್ ಶುಗರ್‌ಗೆ ಕನಿಷ್ಠ 8 ಗಂಟೆ ಖಾಲಿ ಹೊಟ್ಟೆ ಬೇಕು. ನೀರು ಕುಡಿಯಬಹುದು, ಕಾಫಿ ಬೇಡ. ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆಗೆ ಉಪವಾಸ ಬೇಕಿಲ್ಲ. ಅವತ್ತು ಬೆಳಿಗ್ಗೆ ಶುಗರ್ ಮಾತ್ರೆ, ಇನ್ಸುಲಿನ್ ತಗೋಬೇಕಾ ಅಂತ ಮುಂಚೆಯೇ ಫೋನ್ ಮಾಡಿ ಕೇಳಿ. ಊಟವಿಲ್ಲದೆ ತಗೊಂಡರೆ ಕೆಲವರಿಗೆ ಶುಗರ್ ತೀರಾ ಇಳಿದುಬಿಡುತ್ತದೆ. ರಕ್ತ ಕೊಟ್ಟ ತಕ್ಷಣ ತಿನ್ನೋಕೆ ಡಬ್ಬಿಯಲ್ಲಿ ಎರಡು ಇಡ್ಲಿ ಇರಲಿ.

ಬಿಪಿ ನೋಡುವ ಮುಂಚೆ 5 ನಿಮಿಷ ಸುಮ್ನೆ ಕೂರಿಸಿ. ಮೆಟ್ಟಿಲು ಹತ್ತಿ ಬಂದ ಕೂಡಲೇ ನೋಡಿದರೆ ಜಾಸ್ತಿ ತೋರಿಸುತ್ತದೆ.

ಹಿಂದಿನ ರಾತ್ರಿ ಅಮ್ಮನ ಅಂಗಾಲು ಒಮ್ಮೆ ನೋಡಿ. ಗಾಯ, ಬಿರುಕು, ಜೋಮು ಇದ್ದರೆ ಡಾಕ್ಟರಿಗೆ ಹೇಳಲೇಬೇಕು. ಉಳಿದದ್ದನ್ನು ಅಮ್ಮನೇ ಹೇಳಲಿ, ನೀವು ಪಕ್ಕದಲ್ಲಿ ಕೂತು ಬರೆದುಕೊಳ್ಳಿ.