ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನೀರನ್ನು ಒಂದೇ ಜಾಗದಲ್ಲಿ ಎರಡೆರಡು ಸಲ ಯಾಕೆ ಪರೀಕ್ಷಿಸುತ್ತಾರೆ?

ಜಾಗ ಒಂದೇ, ಆದರೆ ನೀರು ಬೇರೆ. ಅದಕ್ಕೇ.

ಕುಮಟಾ ಹತ್ತಿರದ ಅಘನಾಶಿನಿ ಅಳಿವೆಯನ್ನೇ, ಅಂದರೆ ಆ ನದಿ ಸಮುದ್ರ ಸೇರುವ ಜಾಗವನ್ನೇ ನೋಡಿ. ಉಬ್ಬರದಲ್ಲಿ ನೀವು ಬಾಟಲಿಗೆ ತುಂಬುವುದು ಹೆಚ್ಚಾಗಿ ಸಮುದ್ರದ ನೀರು. ಸುಮಾರು ಆರು ಗಂಟೆ ಬಿಟ್ಟು, ಇಳಿತದಲ್ಲಿ ಬಂದರೆ ಅಲ್ಲೇ ಸಿಗುವುದು ನದಿ ನೀರು, ಜೊತೆಗೆ ಕಾಂಡ್ಲಾ ಗಿಡಗಳ ಬುಡದ ಕೆಸರಿನಿಂದ ಜಿನುಗಿದ ನೀರು. ಆ ಕೆಸರಿನೊಳಗೆ ಆಮ್ಲಜನಕ ಇರುವುದೇ ಇಲ್ಲ ಅನ್ನಬಹುದು. ಉದುರಿದ ಎಲೆಗಳನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ಅದನ್ನೆಲ್ಲ ಬಳಸಿ ಮುಗಿಸಿರುತ್ತವೆ. ಕಾಲಿಟ್ಟರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತಲ್ವಾ, ಅದೂ ಅವುಗಳದ್ದೇ ಕೆಲಸ. ಹಾಗಾಗಿ ಇಳಿತದ ನೀರಿನಲ್ಲಿ ಆಮ್ಲಜನಕ ಕಮ್ಮಿ ಇದ್ದ ಮಾತ್ರಕ್ಕೆ ಯಾರೋ ಚರಂಡಿ ಬಿಟ್ಟಿದ್ದಾರೆ ಅಂತಲ್ಲ. ಉಬ್ಬರದಲ್ಲೂ ಕಮ್ಮಿ ಇದ್ದರೆ ಅನುಮಾನ ಪಡಬೇಕು.

ಆಮ್ಲಜನಕದ ಪರೀಕ್ಷೆಯನ್ನಂತೂ ದೋಣಿಯಲ್ಲೇ ಶುರು ಮಾಡಬೇಕು. ಗಾಜಿನ ಬಾಟಲಿಗೆ ಒಂದು ಗುಳ್ಳೆಯೂ ಸೇರದಂತೆ ನೀರು ತುಂಬಿ, ಎರಡು ರಾಸಾಯನಿಕ ಹಾಕಿ ಅಲುಗಾಡಿಸುತ್ತಾರೆ. ಕಂದು ಬಣ್ಣದ ಗಸಿ ಕಟ್ಟಿದರೆ ಆಮ್ಲಜನಕ ಅದರಲ್ಲಿ ಸಿಕ್ಕಿಬಿದ್ದಿದೆ ಎಂದರ್ಥ. ಬಿಳಿ ಗಸಿಯೇ ಉಳಿದರೆ ಆಮ್ಲಜನಕ ಇಲ್ಲ. ಸುಮ್ನೆ ಬಾಟಲಿ ಮುಚ್ಚಿ ಲ್ಯಾಬಿಗೆ ಒಯ್ದರೆ ದಾರಿಯಲ್ಲೇ ಬ್ಯಾಕ್ಟೀರಿಯಾ ಅದನ್ನು ಉಸಿರಾಡಿ ಖಾಲಿ ಮಾಡುತ್ತವೆ.

ಮಳೆಗಾಲದ ಲೆಕ್ಕವೇ ಬೇರೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಜುಲೈಯಲ್ಲಿ ನದಿ ತುಂಬಿ ಬಂದಾಗ ಅಳಿವೆಯ ನೀರಿನ ಉಪ್ಪೇ ಹೋಗಿಬಿಡುತ್ತದೆ. ಬೇಸಿಗೆಯ ಅಂಕಿಯನ್ನು ಅದರ ಪಕ್ಕ ಇಟ್ಟು ಹೋಲಿಸಿದರೆ ಏನೂ ತಿಳಿಯುವುದಿಲ್ಲ.