ನೆಗೆಣ್ಣಿಯನ್ನ ಅನ್‌ಫ್ರೆಂಡ್ ಮಾಡಿದೆ, ಕುಬಸದ ಮನೆಯಲ್ಲಿ ರಂಪ ಆಯಿತು

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 38 ವರ್ಷ. ಬಾಗಲಕೋಟೆಯ ನವನಗರದಲ್ಲಿ ಇದ್ದೇವೆ. ಯಜಮಾನರದ್ದು ಹಾರ್ಡ್‌ವೇರ್ ಅಂಗಡಿ. ನಾನು ಮನೆಯಲ್ಲೇ ಸೀರೆ, ಬ್ಲೌಸ್ ಪೀಸಿಗೆ ಕಸೂತಿ ಹಾಕಿ ಮಾರುತ್ತೇನೆ. ಗಿರಾಕಿಗಳು ಸಿಗೋದು ಫೇಸ್‌ಬುಕ್ಕು, ವಾಟ್ಸಾಪಿನಿಂದಲೇ.

ಒಂಬತ್ತನೇ ಕ್ಲಾಸಿನಲ್ಲಿರುವ ಮಗಳ ಗ್ಯಾದರಿಂಗ್ ಡಾನ್ಸಿನ ಫೋಟೊ ಫೇಸ್‌ಬುಕ್ಕಿಗೆ ಹಾಕಿದ್ದೆ. ಜಮಖಂಡಿಯಲ್ಲಿರುವ ನನ್ನ ನೆಗೆಣ್ಣಿ ಅದರ ಕೆಳಗೆ, 'ಹುಡುಗಿ ಭಾಳ ಕಪ್ಪಗಾಗ್ಯಾಳಲ್ಲ, ಬಿಸಲಾಗ ಬಿಟ್ಟಿರೇನ?' ಅಂತ ಬರೆದರು. ಮಗಳು ಓದಿ ಅತ್ತಳು. ಆವಾಗಿನಿಂದ ಫೋಟೊ ತೆಗೆಸಿಕೊಳ್ಳೋದೇ ಬಿಟ್ಟಿದ್ದಾಳೆ. ನಾನು ಸಿಟ್ಟಿನಲ್ಲಿ ನೆಗೆಣ್ಣಿಯನ್ನ ಅನ್‌ಫ್ರೆಂಡ್ ಮಾಡಿದೆ. ಯಾಕೆ ಅಂತ ಹೇಳಲಿಲ್ಲ. ನಾಲ್ಕು ತಿಂಗಳಾದ ಮೇಲೆ ನಾದಿನಿಯ ಕುಬಸದಲ್ಲಿ, ಊಟದ ಪಂಕ್ತಿಯಲ್ಲೇ, 'ನಮ್ಮನ್ನ ಫೇಸ್‌ಬುಕ್ಕಿನಿಂದ ತಗದ್ ಒಗದ್ಯಲ್ಲ, ಮನಿಯಿಂದನೂ ತಗದ್ ಒಗಿ' ಅಂದುಬಿಟ್ಟರು. ಅತ್ತೆ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ.

ಇನ್ನೊಂದು ವಿಷಯ. ಕಸೂತಿ ಹಾಕುವವರ ಒಂದು ಗ್ರೂಪಿನಲ್ಲಿ ಬೆಳಗಾವಿಯ ಗೆಳತಿ ಸಿಕ್ಕಿದ್ದಾಳೆ. ಮೂರು ವರ್ಷದ ಗೆಳೆತನ, ಒಮ್ಮೆಯೂ ಭೇಟಿಯಾಗಿಲ್ಲ. ನಮ್ಮ ಅಪ್ಪ ಆಸ್ಪತ್ರೆಯಲ್ಲಿದ್ದಾಗ ದಿನಾ ರಾತ್ರಿ ವಿಡಿಯೊ ಕಾಲ್ ಮಾಡಿ ಧೈರ್ಯ ಹೇಳಿದವಳು ಅವಳೇ. ಆದರೆ ಮೆಸೇಜಿಗೆ ಉತ್ತರ ತಡವಾದರೆ 'ಬ್ಲೂ ಟಿಕ್ ಬಂದಿದೆ, ಓದಿದ್ದೀಯ, ಯಾಕೆ ಸುಮ್ಮನಿದ್ದೀಯ' ಅಂತ ಮುನಿಸು. ಯಜಮಾನರು, 'ಮುಖಾ ನೋಡದವರ ಜೋಡಿ ಎಂಥಾ ಗೆಳೆತನ, ಎಲ್ಲಾ ಡಿಲೀಟ್ ಮಾಡು' ಅನ್ನುತ್ತಾರೆ. ಅವರು ಮಾತ್ರ ರಾತ್ರಿ ಹನ್ನೊಂದರವರೆಗೆ ರೀಲ್ಸ್ ನೋಡುತ್ತಾರೆ. ನನ್ನ ಫೇಸ್‌ಬುಕ್ಕಿನಲ್ಲಿ 1,146 ಫ್ರೆಂಡ್ಸ್ ಇದ್ದಾರೆ. ನಮ್ಮ ಹಳೇ ಗಲ್ಲಿಯ ವಾಟ್ಸಾಪ್ ಗ್ರೂಪ್ ಬೇರೆ, ಬೆಳಿಗ್ಗೆ ಎದ್ದರೆ ನೂರು ಗುಡ್ ಮಾರ್ನಿಂಗ್. ಸಾಕಾಗಿದೆ. ಎಲ್ಲ ಬಿಟ್ಟುಬಿಡಲಾ?
— ಹೆಸರು ಬೇಡ, ಬಾಗಲಕೋಟೆ

ಉತ್ತರ: ಮೊದಲು ನೆಗೆಣ್ಣಿ ವಿಷಯ ಮುಗಿಸೋಣ ತಂಗಿ.

ಆ ಕಾಮೆಂಟ್ ಓದಿ ನನಗೂ ಮೈ ಉರಿಯಿತು. ಬೆಳೆಯುವ ಹುಡುಗಿಯ ಬಣ್ಣದ ಬಗ್ಗೆ ಊರ ಮುಂದೆ ಮಾತಾಡಬಾರದು. ಸಲಿಗೆ ಅನ್ನಿ, ಚೇಷ್ಟೆ ಅನ್ನಿ, ತಪ್ಪು ತಪ್ಪೇ. ನಿಮಗೆ ಸಿಟ್ಟು ಬಂದದ್ದು ಸರಿಯಾಗಿಯೇ ಇದೆ. ಆದರೆ ಬಾಯಿಂದ ಹೇಳಬೇಕಾದ್ದನ್ನ ನೀವು ಬೆರಳಿಂದ ಹೇಳಿದಿರಿ. ಅದೂ ಅರ್ಧ ಹೇಳಿದಿರಿ. ತೆಗೆದು ಹಾಕಿದ್ದು ಅವರಿಗೆ ಮುಟ್ಟಿತು, ಯಾಕೆ ಅನ್ನೋದು ಮುಟ್ಟಲಿಲ್ಲ. ಆ 'ಯಾಕೆ'ಯನ್ನ ಅವರು ನಾಲ್ಕು ತಿಂಗಳು ತಮಗೆ ತೋಚಿದಂತೆ ತುಂಬಿಕೊಂಡಿದ್ದಾರೆ. ನಮ್ಮ ಮನೆಗಿಂತ ತಮ್ಮದು ಜಾಸ್ತಿ ಅಂದುಕೊಂಡಳು, ಗಂಡನ ಅಂಗಡಿ ಚೆನ್ನಾಗಿ ನಡೀತಿದೆ ಅಂತ ಸೊಕ್ಕು ಬಂತು, ಇನ್ನೂ ಏನೇನೋ.

ಯಾರನ್ನಾದರೂ ಅನ್‌ಫ್ರೆಂಡ್ ಮಾಡಿದರೆ ಫೇಸ್‌ಬುಕ್ ಅವರಿಗೆ ಸುದ್ದಿ ಕಳಿಸೋದಿಲ್ಲ. ಅದಕ್ಕೇ ಬಹಳ ಜನ ಗೊತ್ತಾಗೋದಿಲ್ಲ ಅಂದುಕೊಳ್ಳುತ್ತಾರೆ. ಆದರೆ ಒಂದಲ್ಲ ಒಂದು ದಿನ ಅವರು ನಿಮ್ಮ ಹೆಸರು ಹುಡುಕುತ್ತಾರೆ. ಹೆಸರಿನ ಕೆಳಗೆ 'ಆ್ಯಡ್ ಫ್ರೆಂಡ್' ಅನ್ನೋ ಬಟನ್ ಕಾಣುತ್ತದೆ. ಹತ್ತು ವರ್ಷದಿಂದ ಒಂದೇ ಒಲೆ ಮುಂದೆ ಹೋಳಿಗೆ ಬೇಯಿಸಿದವರಿಗೆ ಆ ಬಟನ್ ನೋಡಿದರೆ ಹೇಗಾಗಬೇಕು ಹೇಳಿ.

ದೊಡ್ಡ ಊರಿನಲ್ಲಿ ಹಳೇ ಆಫೀಸಿನವರನ್ನ ಅನ್‌ಫ್ರೆಂಡ್ ಮಾಡಿದರೆ ಅಲ್ಲಿಗೆ ಮುಗೀತು, ಮತ್ತೆ ಮುಖ ನೋಡುವ ಪ್ರಸಂಗವೇ ಬರದಿರಬಹುದು. ನಮ್ಮಲ್ಲಿ ಹಾಗಲ್ಲ. ಬರುವ ಪಂಚಮಿಗೆ ಉಂಡಿ ಕಟ್ಟೋಕೆ ಅದೇ ನೆಗೆಣ್ಣಿ ಪಕ್ಕ ಕೂರಬೇಕು. ನಾದಿನಿಯ ಕೂಸಿನ ತೊಟ್ಟಿಲು, ಜವಳ, ಎಲ್ಲ ಸಾಲಾಗಿ ಬರುತ್ತವೆ. ದಿನಾ ಎದುರಾಗುವವರಿಗೆ ಅನ್‌ಫ್ರೆಂಡ್ ಅನ್ನೋದು ಸೆಟಿಂಗ್ ಅಲ್ಲ, ಸಂಬಂಧ ಬೇಡ ಅಂತ ಚೀಟಿ ಕಳಿಸಿದ ಹಾಗೆ.

ಹಾಗಾಗಿ ಜಮಖಂಡಿಗೆ ಹೋಗಿ ಬನ್ನಿ. ಫೋನಿನಲ್ಲಿ ಬೇಡ. ವಾಟ್ಸಾಪಿನಲ್ಲಂತೂ ಬೇಡವೇ ಬೇಡ, ನಿಮ್ಮ ವಾಯ್ಸ್ ಮೆಸೇಜ್ ಸಂಜೆಯೊಳಗೆ ನಾಲ್ಕು ಮನೆ ಸುತ್ತಿರುತ್ತದೆ. ಅತ್ತೆಯ ಎದುರಿಗೂ ಬೇಡ. ನೆಗೆಣ್ಣಿ ಒಬ್ಬರೇ ಇದ್ದಾಗ, ಅಡುಗೆಮನೆಯಲ್ಲಿ ನಿಂತು ಹೇಳಿ: 'ಅಕ್ಕಾ, ಹುಡುಗಿ ಬಣ್ಣದ ಬಗ್ಗೆ ನೀವು ಬರದದ್ದು ನನಗ ಭಾಳ ಬ್ಯಾಸರ ಆತು. ಅಕಿ ಓದಿ ಅತ್ಲು. ಸಿಟ್ಟಿನ್ಯಾಗ ನಿಮ್ಮನ್ನ ತಗದ್ನಿ. ಮೊದಲ ನಿಮಗ ಹೇಳಬೇಕಿತ್ತು, ಹೇಳಲಿಲ್ಲ.' ಇಷ್ಟೇ. ಕ್ಷಮೆ ಕೇಳಬೇಕಾದದ್ದು ಹೇಳದೆ ಮಾಡಿದ್ದಕ್ಕೆ ಮಾತ್ರ, ಸಿಟ್ಟು ಬಂದದ್ದಕ್ಕಲ್ಲ. ಅವರು 'ಸುಮ್ನ ಚಾಷ್ಟಿಗೆ ಅಂದಿದ್ದೆ' ಅನ್ನಬಹುದು. 'ಇರ್ಲಿ ಅಕ್ಕಾ, ಇನ್ ಮ್ಯಾಲ ಬ್ಯಾಡ' ಅಂದು ಚಹಾ ಕುಡಿದು ಬನ್ನಿ. ಒಪ್ಪದೆ ಜಗಳಕ್ಕೇ ಬಂದರೆ? ಬರಲಿ. ಆಗ ಜಗಳ ಯಾವುದರ ಬಗ್ಗೆ ಅಂತಾದರೂ ಇಬ್ಬರಿಗೂ ಗೊತ್ತಿರುತ್ತದೆ. ಅತ್ತೆಗೂ ನಿಜವಾದ ಕಾರಣ ತಿಳಿಯುತ್ತದೆ. ಮೊಮ್ಮಗಳು ಅತ್ತಳು ಅಂತ ಅವರಿಗೆ ಇಲ್ಲಿಯವರೆಗೆ ಯಾರೂ ಹೇಳಿದಂತೆ ಕಾಣೋದಿಲ್ಲ.

ಊರಿಗೆ ಬಂದು ಮತ್ತೆ ಫ್ರೆಂಡ್ ರಿಕ್ವೆಸ್ಟ್ ಕಳಿಸಿ. ಆಮೇಲೆ ಅವರನ್ನ ಅನ್‌ಫಾಲೋ ಮಾಡಿ. ಅವರು ಫ್ರೆಂಡ್ ಆಗಿಯೇ ಇರುತ್ತಾರೆ, ಅವರ ಪೋಸ್ಟು ನಿಮಗೆ ಕಾಣೋದಿಲ್ಲ, ಅವರಿಗೆ ಏನೂ ಗೊತ್ತಾಗೋದಿಲ್ಲ. ಮನೆಯ ಫೋಟೊ ಹಾಕುವಾಗ 'ಫ್ರೆಂಡ್ಸ್ ಎಕ್ಸೆಪ್ಟ್' ಒತ್ತಿ ಯಾರಿಗೆ ಬೇಡವೋ ಅವರ ಹೆಸರು ಆರಿಸಬಹುದು. ವಾಟ್ಸಾಪ್ ಸ್ಟೇಟಸ್ಸಿಗೂ ಹೀಗೇ ಇದೆ. ಇದು ಕಪಟ ಅಲ್ವಾ ಅಂತ ಕೇಳಬಹುದು. ಬಂದವರನ್ನೆಲ್ಲ ನೀವು ದೇವರ ಮನೆವರೆಗೆ ಕರೆಯುತ್ತೀರಾ? ಕೆಲವರಿಗೆ ಪಡಸಾಲೆಯಲ್ಲೇ ಚಹಾ ಕೊಟ್ಟು ಕಳಿಸುತ್ತೀರಿ. ಅದನ್ನ ಯಾರೂ ಕಪಟ ಅನ್ನೋದಿಲ್ಲ.

ಈಗ ನಿಮಗೆ ಹಿಡಿಸದ ಒಂದು ಮಾತು. ಆ ಫೋಟೊ ಹಾಕುವ ಮೊದಲು ಮಗಳನ್ನ ಕೇಳಿದ್ದಿರಾ? ಕಾಗದದಲ್ಲಿ ನೆಗೆಣ್ಣಿ ಇದ್ದಾರೆ, ಅತ್ತೆ ಇದ್ದಾರೆ, ಮಗಳು ಅತ್ತದ್ದೂ ಇದೆ, ಅವಳನ್ನ ಕೇಳಿದ್ದು ಎಲ್ಲೂ ಇಲ್ಲ. 1,146 ಜನರಲ್ಲಿ ನಿಮ್ಮ ಗಿರಾಕಿಗಳಿದ್ದಾರೆ, ಯಜಮಾನರ ಅಂಗಡಿಗೆ ಬರುವವರಿದ್ದಾರೆ, ಮಗಳ ಜೊತೆ ಓದುವ ಹುಡುಗರ ಅಪ್ಪ ಅಮ್ಮ ಇದ್ದರೂ ಇದ್ದಾರು. ಡಾನ್ಸ್ ಡ್ರೆಸ್ಸಿನ ಫೋಟೊ ಅವರೆಲ್ಲರ ಕೈಗೆ ಹೋಗಿದೆ. ಆ ವಯಸ್ಸಿನಲ್ಲಿ ಒಂದು ಮೊಡವೆ ಎದ್ದರೂ ಸ್ಕೂಲಿಗೆ ಹೋಗಲ್ಲ ಅನ್ನುತ್ತಾರೆ. ಇವತ್ತು ಸಂಜೆ ಅವಳ ಪಕ್ಕ ಕೂತು ಫೋನ್ ಅವಳ ಕೈಗೇ ಕೊಡಿ. ಅವಳದ್ದು ಏನೇನು ಹಾಕಿದ್ದೀರೋ ಎಲ್ಲ ನೋಡಲಿ. ಬೇಡ ಅಂದದ್ದನ್ನ ಅವಳೇ ಡಿಲೀಟ್ ಮಾಡಲಿ. 'ಇದು ಎಷ್ಟು ಚಂದ ಐತಿ' ಅಂತ ವಾದ ಮಾಡಬೇಡಿ. ನೆಗೆಣ್ಣಿಯ ಬಾಯಿ ನಿಮ್ಮ ಕೈಯಲ್ಲಿಲ್ಲ, ಇದು ನಿಮ್ಮ ಕೈಯಲ್ಲಿದೆ.

ಫೇಸ್‌ಬುಕ್ ಒಬ್ಬರಿಗೆ 5,000 ಫ್ರೆಂಡ್ಸ್‌ವರೆಗೆ ಬಿಡುತ್ತದೆ. ರಾಬಿನ್ ಡನ್‌ಬಾರ್ ಅನ್ನೋ ಬ್ರಿಟಿಷ್ ವಿಜ್ಞಾನಿ 1990ರ ದಶಕದಲ್ಲಿ ಒಂದು ಲೆಕ್ಕ ಹೇಳಿದ್ದರು. ಮನುಷ್ಯ ನಿಜವಾಗಿ ಸಂಬಂಧ ಉಳಿಸಿಕೊಳ್ಳಬಲ್ಲದ್ದು ಸುಮಾರು 150 ಜನರ ಜೊತೆ, ಅದರಲ್ಲಿ ತೀರಾ ಹತ್ತಿರದವರು ಐದೇ ಜನ ಅಂತ. ನಮ್ಮ ಕಡೆ ಮದುವೆ ಕಾರ್ಡ್ ಹಂಚುವ ಪಟ್ಟಿ ಅವರು ನೋಡಿರಲಿಕ್ಕಿಲ್ಲ! ಆದರೆ ಆ ಐದರ ಮಾತು ನನಗೆ ನಿಜ ಅನಿಸುತ್ತದೆ. ಉಳಿದವರನ್ನ ಕೂತು ಒಬ್ಬೊಬ್ಬರಾಗಿ ತೆಗೆಯುವ ಕೆಲಸ ಹಚ್ಚಿಕೊಳ್ಳಬೇಡಿ. ಗುರುತೇ ಇಲ್ಲದವರು, ರಾತ್ರಿ 'ಹಾಯ್' ಅನ್ನೋ ಗಂಡಸರು, ಇವರನ್ನ ಯೋಚನೆ ಮಾಡದೆ ತೆಗೆಯಿರಿ. ಬ್ಲಾಕ್ ಮಾಡಿದರೂ ಸೈ.

ಗಲ್ಲಿಯ ಗ್ರೂಪ್ ಮಾತ್ರ ಬಿಡಬೇಡಿ ಅಂತ ನಾನು ಹೇಳುತ್ತೇನೆ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆಗಳು ಹೋದವು. ಗೋಡೆಗೆ ಗೋಡೆ ಹತ್ತಿಸಿಕೊಂಡಿದ್ದವರು ನವನಗರದ ಬೇರೆ ಬೇರೆ ಸೆಕ್ಟರಿಗೆ ಚೆದುರಿದರು. ಯಾರ ಮನೆಯಲ್ಲಿ ಯಾರು ತೀರಿಕೊಂಡರು, ಯಾರ ಮಗಳಿಗೆ ವರ ನೋಡುತ್ತಿದ್ದಾರೆ, ಹೋಳಿ ಹಬ್ಬಕ್ಕೆ ಹಲಗಿ ಯಾವಾಗ ಹೊರಡುತ್ತದೆ, ಇದೆಲ್ಲ ಮೊದಲು ಕಟ್ಟೆಯ ಮೇಲೆ ತಿಳೀತಿತ್ತು. ಈಗ ಆ ಗ್ರೂಪಿನಲ್ಲಿ ತಿಳಿಯುತ್ತದೆ. ಗುಲಾಬಿ ಹೂವಿನ ಚಿತ್ರಗಳು ಅದರ ಜೊತೆಗೆ ಬರುವ ಕಸ. 'ಆಲ್‌ವೇಸ್' ಅಂತ ಮ್ಯೂಟ್ ಮಾಡಿ ಆರ್ಕೈವಿಗೆ ಹಾಕಿ, ಫೋಟೊ ತಾನಾಗಿ ಡೌನ್‌ಲೋಡ್ ಆಗೋದನ್ನ ನಿಲ್ಲಿಸಿ. ಎರಡು ದಿನಕ್ಕೊಮ್ಮೆ ಕಣ್ಣಾಡಿಸಿದರೆ ಸಾಕು. ಬಿಡಲೇಬೇಕು ಅಂದರೆ, 2022ರಿಂದ ಗ್ರೂಪ್ ಬಿಟ್ಟದ್ದು ಅಡ್ಮಿನ್‌ಗಳಿಗಷ್ಟೇ ತಿಳಿಯುತ್ತದೆ. ಆದರೆ ಹಿಂದೆ ಇದ್ದವರ ಪಟ್ಟಿಯಲ್ಲಿ 60 ದಿನ ನಿಮ್ಮ ಹೆಸರು ಇರುತ್ತದೆ. ನಮ್ಮ ಗಲ್ಲಿಯವರು ಆ ಪಟ್ಟಿ ನೋಡದೆ ಬಿಡುವ ಪೈಕಿ ಅಲ್ಲ.

ಎಲ್ಲ ಡಿಲೀಟ್ ಮಾಡು ಅನ್ನೋದು ಯಜಮಾನರಿಗೆ ಸುಲಭ. ಅಂಗಡಿಗೆ ಷಟರ್ ಎಳೆದು ಮನೆಗೆ ಬನ್ನಿ ಅಂದರೆ ಅವರು ಬರುತ್ತಾರಾ? ನಿಮ್ಮ ಅಂಗಡಿ ಇರೋದು ಈ ಫೋನಿನಲ್ಲಿ. ಕಸೂತಿಗೆ ಬೇರೆ ನಂಬರ್ ತಗೊಂಡು ವಾಟ್ಸಾಪ್ ಬಿಸಿನೆಸ್ ಹಾಕಿಕೊಳ್ಳಿ, ಸೀರೆಗಳ ಫೋಟೊ, ರೇಟು ಕ್ಯಾಟಲಾಗಿನಲ್ಲೇ ಇಡಬಹುದು. ಫೇಸ್‌ಬುಕ್ಕಿನಲ್ಲಿ ವ್ಯಾಪಾರಕ್ಕೆ ಬೇರೆ ಪೇಜ್ ಮಾಡಿ. ಆಗ ಗಿರಾಕಿ ಬೇರೆ, ಬೀಗರು ಬೇರೆ ಆಗುತ್ತಾರೆ, ನಿಮ್ಮ ಅರ್ಧ ತಲೆನೋವು ಅಲ್ಲೇ ಇಳಿಯುತ್ತದೆ. ಅಷ್ಟಾದರೂ ಸಾಕೆನಿಸಿದರೆ ಸ್ವಂತ ಖಾತೆಯನ್ನ ಡಿಲೀಟ್ ಮಾಡದೆ ಡಿಆ್ಯಕ್ಟಿವೇಟ್ ಮಾಡಿ ನೋಡಿ, ಯಾವಾಗ ಬೇಕಾದರೂ ಮತ್ತೆ ತೆಗೆಯಬಹುದು. ಡಿಲೀಟ್ ಮಾಡಿದರೆ ಮನಸ್ಸು ಬದಲಾಯಿಸೋಕೆ 30 ದಿನ ಮಾತ್ರ. ಆದರೆ ಆ ಪೇಜನ್ನ ನೋಡಿಕೊಳ್ಳೋಕೆ ನಿಮ್ಮ ಖಾತೆಯೇ ಬೇಕಾಗುತ್ತದೆ, ಅದನ್ನ ಮರೆಯಬೇಡಿ. ಇನ್ನು ಆ ಹನ್ನೊಂದರ ರೀಲ್ಸ್ ವಿಷಯ ನೀವು ಬರೆದದ್ದು ಯಜಮಾನರೂ ಇದನ್ನ ಓದಲಿ ಅಂತಲೇ ಇರಬೇಕು. ಓದುತ್ತಿದ್ದರೆ, ನಮಸ್ಕಾರ ಅಣ್ಣಾರೆ.

ಇನ್ನು ಬೆಳಗಾವಿ ಗೆಳತಿ.

ಯಜಮಾನರ ಅನುಮಾನವನ್ನ ತಳ್ಳಿಹಾಕಬೇಡಿ. ಮುಖ ತೋರಿಸದೆ ಆರು ತಿಂಗಳು ಸಿಹಿ ಮಾತಾಡಿ ದುಡ್ಡು ಕಿತ್ತವರ ಕಥೆ ಪೇಪರಿನಲ್ಲಿ ದಿನಾ ಬರುತ್ತದೆ. ಆದರೆ ಅಂಥವರ ಲಕ್ಷಣ ಬೇರೆ. ವಿಡಿಯೊ ಕಾಲ್ ಅಂದರೆ ನೆಪ ಹೇಳುತ್ತಾರೆ. ಅವಸರದ ಕಷ್ಟ ಅಂತ ದುಡ್ಡು ಕೇಳುತ್ತಾರೆ, ಒಟಿಪಿ ಕೇಳುತ್ತಾರೆ, ಯಾರಿಗೂ ಹೇಳಬೇಡ ಅನ್ನುತ್ತಾರೆ. ಇದರಲ್ಲಿ ಒಂದಾದರೂ ಇವರಿಂದ ಬಂದಿದ್ದರೆ ಅಲ್ಲಿಗೆ ನಿಲ್ಲಿಸಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಿಮ್ಮ ಕಾಗದದಲ್ಲಿ ಅಂಥದ್ದೇನೂ ಕಾಣಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದಾಗ ರಾತ್ರಿ ರಾತ್ರಿ ಧೈರ್ಯ ಹೇಳಿದವರನ್ನ ಗೆಳತಿ ಅನ್ನದೆ ಇನ್ನೇನು ಅನ್ನಬೇಕು? ಅವತ್ತು ಆ 1,146ರಲ್ಲಿ ಎಷ್ಟು ಜನ ಫೋನ್ ಮಾಡಿದ್ದರು?

ಬ್ಲೂ ಟಿಕ್ಕಿನ ಮುನಿಸಿಗೆ ಸೆಟಿಂಗಿನಲ್ಲಿ ಮದ್ದು ಹುಡುಕಬೇಡಿ. ಆ ಟಿಕ್ ಆಫ್ ಮಾಡಬಹುದು, ಆದರೆ ಅವರು ಓದಿದ್ದೂ ನಿಮಗೆ ಕಾಣೋದಿಲ್ಲ. ಅವರಿಗೆ ಅನುಮಾನವೂ ಜಾಸ್ತಿಯಾಗುತ್ತದೆ. ನೆಗೆಣ್ಣಿ ಜೊತೆ ಆದದ್ದೇ ಇಲ್ಲೂ ಆಗುತ್ತದೆ. ನೇರವಾಗಿ ಹೇಳಿ: 'ಹಗಲು ನಾನು ದಾರ ಎಣಿಸ್ತಿರ್ತೀನಿ, ಫೋನ್ ಬಂದ್ರ ಲೆಕ್ಕ ತಪ್ಪತದ. ರಾತ್ರಿ ಊಟ ಆದ ಮ್ಯಾಲ ಮಾತಾಡೋಣು.' ಅವರೂ ಕಸೂತಿ ಹಾಕುವವರು. ಗವಂತಿ ಹೊಲಿಗೆಯಲ್ಲಿ ಒಂದು ಎಳೆ ತಪ್ಪಿದರೆ ಗೋಪುರವೇ ಸೊಟ್ಟಗಾಗುತ್ತದೆ ಅಂತ ಅವರಿಗೆ ಬಿಡಿಸಿ ಹೇಳಬೇಕಿಲ್ಲ. ಇಷ್ಟು ಹೇಳಿದ ಮೇಲೂ ದಿನಾ ಲೆಕ್ಕ ಕೇಳುತ್ತಿದ್ದರೆ ಮಾತು ಸ್ವಲ್ಪ ಕಮ್ಮಿ ಮಾಡಿ. ಗೆಳೆತನ ಮುರಿಯುವಷ್ಟು ದೊಡ್ಡ ವಿಷಯ ಅಲ್ಲ ಅದು.

ಮತ್ತೆ, ಮೂರು ವರ್ಷ ಆಯಿತಲ್ಲ, ಒಮ್ಮೆ ಭೇಟಿಯಾಗಿ. ಸವದತ್ತಿ ಎಲ್ಲಮ್ಮನ ಗುಡ್ಡ ನಿಮ್ಮಿಬ್ಬರಿಗೂ ಹೆಚ್ಚುಕಡಿಮೆ ನಡುವೆ ಬೀಳುತ್ತದೆ. ಹಗಲು ಹೊತ್ತು ಹೋಗಿ ಹಗಲಲ್ಲೇ ತಿರುಗಿ ಬರಬಹುದು, ಜನ ಇರುವ ಜಾಗ. ಯಜಮಾನರನ್ನ ಕರೆಯಿರಿ. ಮುಖ ನೋಡದವರು ಅನ್ನುತ್ತಿದ್ದಾರಲ್ಲ, ಬಂದು ನೋಡಲಿ. ಅಂಗಡಿ ಬಿಡೋಕೆ ಆಗಲ್ಲ ಅಂದರೆ ಮಗಳನ್ನ ಕರೆದುಕೊಂಡು ಹೋಗಿ. ಹುಣ್ಣಿಮೆ ದಿನ ಮಾತ್ರ ಬೇಡ, ಆ ಗದ್ದಲದಲ್ಲಿ ನೀವಿಬ್ಬರೂ ಸಂಜೆವರೆಗೆ ಫೋನಿನಲ್ಲೇ ಒಬ್ಬರನ್ನೊಬ್ಬರು ಹುಡುಕುತ್ತಿರುತ್ತೀರಿ.